ಗೋಡೆಯ ಮೇಲೆ ಸರಿದ ಕೆಂಪು ಚುಕ್ಕೆ

ಆಗ ನನ್ನ ಪಿಎಚ್.ಡಿ.ಯ ಮೂರನೇ ವರ್ಷ. ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಯಿಂದ ದಿನವೂ ಬೆಳಗಿನ ಬಸ್ಸು ಹಿಡಿದು, ಹುಣಸೂರಿನ ಮೇಲೆ ಮೈಸೂರಿಗೆ ಹೋಗಿ ಬರುತ್ತಿದ್ದೆ. ಅದಕ್ಕೆ ಕಾರಣ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ನಾನು ಇನ್ನೂ ಓದಬೇಕೆಂದಾಗ ಅಪ್ಪ ಮದುವೆಯ ಮಾತೆತ್ತಿದ್ದರು. ಅತ್ತಿಗೆ ವಾದಕ್ಕೆ ಹೋಗಲಿಲ್ಲ. ಮನೆಯಲ್ಲಿ ನನ್ನ ಪಾಲಿನ ಕೆಲಸವನ್ನೂ ತಾವೇ ನೋಡಿಕೊಳ್ಳುವುದಾಗಿ ಅಷ್ಟೇ ಹೇಳಿ ಒಳಗೆ ಹೋದರು. ಮಾತು ಅಲ್ಲಿಗೆ ನಿಂತಿತು.

ಅತ್ತಿಗೆ ಮಿರ್ಲೆಯ ಕಡೆಯವರು, ಭತ್ತದ ಸೀಮೆಯವರು. ಹೊಗೆಸೊಪ್ಪಿನ ಕೆಲಸ ಕಲಿತದ್ದು ನಮ್ಮ ಮನೆಗೆ ಬಂದ ಮೇಲೆ. ಆದರೂ ಬಿಸಿಗಾಳಿಯ ಗೂಡಿನಲ್ಲಿ ಬೇಯಿಸಿದ ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡಲು ಕೂತರೆ, ಅಣ್ಣನಿಗೆ ಕಾಣದ ವ್ಯತ್ಯಾಸ ಅವರಿಗೆ ಕಾಣುತ್ತಿತ್ತು.

ನನ್ನ ಕೆಲಸ ಗಾಜಿನ ಮೇಲಿನ ಚಿನ್ನದ ಪದರದ್ದು. ಅದರ ಮೇಲೆ ಒಂದು ಕೂದಲಿನ ಅಗಲದಲ್ಲಿ ನೂರು ಹಿಡಿಸುವಷ್ಟು ಸಣ್ಣ ಗೆರೆಗಳು. ಲೇಸರ್ ಬೆಳಕು ಅಲ್ಲಿ ಬಿದ್ದಾಗ, ಲೋಹದ ಎಲೆಕ್ಟ್ರಾನುಗಳನ್ನು ಕುಣಿಸುತ್ತ ಚಿನ್ನದ ಮೈಗೆ ಅಂಟಿಕೊಂಡೇ ಓಡುತ್ತದೆ. ಆ ಅಲೆಗೆ ಪ್ಲಾಸ್ಮಾನ್ ಎನ್ನುತ್ತೇವೆ. ಗೆರೆಗಳು ಅದನ್ನು ಮತ್ತೆ ಬೆಳಕಾಗಿಸಿ ಹೊರಗೆ ಕಳಿಸುತ್ತವೆ. ಮೇಲೆ ತುಂಬಿದ ದ್ರವಸ್ಫಟಿಕಕ್ಕೆ ಕರೆಂಟು ಕೊಟ್ಟರೆ, ಕನ್ನಡಿ ತಿರುಗಿಸುವ ಗೋಜಿಲ್ಲದೆ ಆ ಬೆಳಕಿನ ದಿಕ್ಕು ಬದಲಾಗಬೇಕು. ನನ್ನದು ಬದಲಾಗುತ್ತಿರಲಿಲ್ಲ. ತಿರುಗಿದ ಬೆಳಕನ್ನು ಹಿಡಿಯಲು ಇಟ್ಟ ಮೀಟರು ನಾಲ್ಕು ತಿಂಗಳಿಂದ ಸೊನ್ನೆ ತೋರಿಸುತ್ತಲೇ ಇತ್ತು. ಬಿಟ್ಟುಬಿಡೋಣವೆಂದು ಅತ್ತಿಗೆಯ ಹತ್ತಿರ ಎರಡು ಸಲ ಹೇಳಿಯೂ ಆಗಿತ್ತು.

ಒಂದು ದಿನ ಅತ್ತಿಗೆ ಹಲ್ಲು ಕೀಳಿಸಲು ನನ್ನ ಜೊತೆ ಮೈಸೂರಿಗೆ ಬಂದರು. ಕೀಳಿಸಿದ ಮೇಲೆ, ಬಾಯಲ್ಲಿ ಹತ್ತಿ ಕಚ್ಚಿಕೊಂಡವರನ್ನು ಲ್ಯಾಬಿಗೆ ಕರೆತಂದೆ. ಡಾಕ್ಟರು ಮಾತಾಡಬೇಡಿ ಎಂದಿದ್ದರು. ನಾನು ಚಿನ್ನದ ಗಾಜನ್ನು ಕೈಗೆ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿದರು. ಅಷ್ಟು ತೆಳುವಾದ ಚಿನ್ನದಲ್ಲಿ ಹಾಯ್ದ ಬೆಳಕು ಹಸಿರಾಗಿ ಕಾಣುತ್ತದೆ. ಅವರು ಹುಬ್ಬೇರಿಸಿ ನನ್ನ ಮುಖ ನೋಡಿದರು.

ಪರದೆ ಎಳೆದು ಕತ್ತಲು ಮಾಡಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ಕರೆಂಟು ಏರಿಸಿದೆ, ಇಳಿಸಿದೆ. ಮೀಟರು ಅದೇ ಸೊನ್ನೆ. ಆಗ ಅತ್ತಿಗೆ ನನ್ನ ತೋಳು ತಿವಿದು ಎದುರು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಅಂಟಿಸಿದ ಬಿಳಿ ಹಾಳೆಯ ಮೇಲೆ ಲೇಸರಿನ ಕೆಂಪು ಚುಕ್ಕೆಯಿತ್ತು. ಅದು ಯಾವಾಗಲೂ ಇರುತ್ತದೆ ಎಂದು ನಾನು ಮತ್ತೆ ಮೀಟರಿನತ್ತ ಬಾಗಿದೆ. ಅವರು ಹತ್ತಿ ತೆಗೆದರು.

"ಅದು ಒಸಿ ಸರ್ಕೊಂಡದೆ ಕಣವ್ವ. ನಿಂಗೆ ಕಾಣಕಿಲ್ವ?"

ನಂಬಲಿಲ್ಲ. ಅವರು ಎದ್ದು ಹೋಗಿ, ಪರ್ಸಿನಲ್ಲಿದ್ದ ಚೀಟಿಯಿಂದ ಹಣೆಗಿಡುವ ಸ್ಟಿಕ್ಕರೊಂದನ್ನು ಕಿತ್ತು ಚುಕ್ಕೆ ಇದ್ದಲ್ಲಿ ಅಂಟಿಸಿದರು. ಮತ್ತೆ ಕರೆಂಟು ಬದಲಿಸು ಎಂದು ಕೈಸನ್ನೆ ಮಾಡಿದರು. ಬದಲಿಸಿದೆ. ಚುಕ್ಕೆ ಸ್ಟಿಕ್ಕರನ್ನು ಬಿಟ್ಟು ಎಡಕ್ಕೆ ಒಂದು ಬೆರಳು ಸರಿಯಿತು. ಅಲ್ಲೊಂದು ಸ್ಟಿಕ್ಕರ್ ಅಂಟಿಸಿದರು. ಕರೆಂಟು ತೆಗೆದಾಗ ಚುಕ್ಕೆ ಮೊದಲಿನ ಜಾಗಕ್ಕೇ ಬಂತು.

ನಾನು ಮೀಟರಿನ ಕಣ್ಣನ್ನು ಇಟ್ಟಿದ್ದು ಬಲಗಡೆ. ನನ್ನ ಲೆಕ್ಕದಲ್ಲಿ ಒಂದು ಚಿಹ್ನೆ ತಿರುವುಮುರುವಾಗಿತ್ತು. ನಾಲ್ಕು ತಿಂಗಳೂ ಬೆಳಕು ಎಡಕ್ಕೆ ತಿರುಗುತ್ತಲೇ ಇತ್ತು. ಅದು ಬರದ ಕಡೆ ಕಾಯುತ್ತ ಕೂತವಳು ನಾನು. ನಾಚಿಕೆಗೋ ಸಂತೋಷಕ್ಕೋ, ಅಳು ಬಂತು. ಅತ್ತಿಗೆ ಹೊಸ ಹತ್ತಿ ಕಚ್ಚಿಕೊಂಡು ನನ್ನ ಬೆನ್ನು ಸವರುತ್ತ ನಿಂತರು.

ಸಂಜೆಯ ಬಸ್ಸಿನಲ್ಲಿ, ಇದರಿಂದ ಯಾರಿಗೇನು ಉಪಯೋಗ ಎಂದು ಕೇಳಿದರು. ಮುಂದೆ ಯಾವತ್ತೋ ಸಣ್ಣ ಯಂತ್ರಗಳು ಬೆಳಕಿನಲ್ಲೇ ಸುದ್ದಿ ಕಳಿಸಬಹುದು ಎಂದು ಏನೋ ವಿವರಿಸಿದೆ.

"ಆಯ್ತು ಬುಡು, ಅದು ಆದಾಗ ಆಯ್ತದೆ. ಇನ್ಮ್ಯಾಕೆ ಓದು ಬುಡ್ತೀನಿ ಅನ್ಬ್ಯಾಡ," ಎಂದವರು ಬಿಳಿಕೆರೆ ದಾಟುವಷ್ಟರಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದರು.

ಮರುವರ್ಷ ಪ್ರಬಂಧ ಮುಗಿಯಿತು. ಈಗ ಕೆ.ಆರ್. ನಗರದಲ್ಲಿ ಪಾಠ ಮಾಡುತ್ತೇನೆ. ಆ ಲ್ಯಾಬಿನಲ್ಲಿ ಈಗ ಕ್ಯಾಮೆರಾ, ಕಂಪ್ಯೂಟರುಗಳೇ ಬೆಳಕಿನ ಜಾಡು ಹಿಡಿಯುತ್ತವಂತೆ. ಪಕ್ಕದಲ್ಲಿ ಯಾರೂ ಕೂರಬೇಕಾಗಿಲ್ಲ. ಒಳ್ಳೆಯದೇ. ಆದರೂ ಆ ಮಧ್ಯಾಹ್ನದ ಕತ್ತಲ ಕೋಣೆ ನೆನಪಾದರೆ, ಇನ್ನೊಂದು ಸಲ ಹಾಗೆ ತಪ್ಪು ಮಾಡಿ ಅತ್ತಿಗೆಯ ಕೈಗೆ ಸಿಕ್ಕಿಬೀಳಬೇಕು ಅನಿಸುತ್ತದೆ.