ಬೇವಿನ ಗಂಟಿನ ಭರಣಿ

ಅರಗು ಬಿಸಿಯಾಗಿ ಮರಕ್ಕೆ ಹತ್ತುವಾಗ ಒಂದು ವಾಸನೆ ಏಳುತ್ತದೆ, ಬೇವಿನ ಹೊಟ್ಟಿನ ಕಹಿಯೂ ಅದರಲ್ಲಿ ಬೆರೆತಿರುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನಾನು ಕುರುಗೋಡಿನ ನಮ್ಮ ಪಡಸಾಲೆಗೆ ಹೋಗಿ ಕೂತುಬಿಡುತ್ತೇನೆ. ಆ ಪಡಸಾಲೆಯೂ ಇಲ್ಲ, ಆ ಜನವೂ ಇಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ ಬಿಡಿ. ಬಳ್ಳಾರಿಗೆ ರೈಲು ಬಂದದ್ದು ಆಗಿನ್ನೂ ಹೊಸದು. ಅಜ್ಜ ಕುಂಕುಮದ ಭರಣಿ ಕಡೆಯುತ್ತಿದ್ದ. ಹಳೆಯ ಬೇವು, ಹುಣಸೆಮರಗಳ ಮೈಮೇಲೆ ಏಳುವ ಗಂಟುಗಳನ್ನು ಕೆಂಚನಗುಡ್ಡದ ಕಡೆಯಿಂದ ಬಂಡಿಯಲ್ಲಿ ತರಿಸಿ, ತಿರುಗಣಿಗೆ ಸಿಕ್ಕಿಸಿ, ಹೆಬ್ಬೆರಳು ಹೋಗುವಷ್ಟೇ ಬಾಯಿ ಬಿಟ್ಟು ಒಳಗೆಲ್ಲ ಟೊಳ್ಳು ಮಾಡುತ್ತಿದ್ದ. ಗಂಟಿನ ಮರದಲ್ಲಿ ಹೊಳೆಯ ಸುಳಿಯಂಥ ಗೆರೆಗಳು, ನೋಡುತ್ತ ಕೂತರೆ ಊಟದ ನೆನಪೂ ಆಗುತ್ತಿರಲಿಲ್ಲ. ಎದುರು ಕೂತು ಹಗ್ಗ ಜಗ್ಗಿ ತಿರುಗಣಿ ತಿರುಗಿಸುವವಳು ಅಜ್ಜಿ.

ಬಂದವರೆಲ್ಲ ಅಜ್ಜನ ಕೈಯನ್ನೇ ಹೊಗಳುವರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅಜ್ಜ ಕಿವುಡ, ಬಾಗಿಲಲ್ಲಿ ನಗಾರಿ ಬಾರಿಸಿದರೂ ತಿರುಗಿ ನೋಡುತ್ತಿರಲಿಲ್ಲ. ಒಳಗೆ ಉಳಿ ಎಷ್ಟು ಕೊರೆದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಸದ್ದಿನಿಂದಲೇ ತಿಳಿಯಬೇಕು. ಗೋಡೆ ತೆಳುವಾದಂತೆ ಮಂದ ಸದ್ದು ಹೋಗಿ ಸಿಳ್ಳೆಯಂತಾಗುತ್ತದೆ. ಇನ್ನೊಂದು ಚೂರು ಕೊರೆದರೆ ತೂತು. ಆ ಸದ್ದು ಕೇಳುತ್ತಿದ್ದವಳು ಅಜ್ಜಿ. ಹದ ಬಂದ ಗಳಿಗೆಗೆ ಹಗ್ಗ ಬಿಟ್ಟುಬಿಡುವಳು, ತಿರುಗಣಿ ನಿಲ್ಲುವುದು, ಅಜ್ಜ ಉಳಿ ತೆಗೆಯುವನು. ಜಗಳವಾಡಿ ಮುಖ ತಿರುಗಿಸಿ ಕೂತ ದಿನವೂ ಇದು ತಪ್ಪುತ್ತಿರಲಿಲ್ಲ. "ಎಲ್ಲಾರೂ ಅಜ್ಜನ್ನ ಹೊಗಳ್ತಾರ, ನಿನಗೇನೂ ಅನಸಂಗಿಲ್ಲೇನು?" ಎಂದು ನಾನೊಮ್ಮೆ ಕೇಳಿದ್ದೆ. "ಸುಮ್ನಿರಲೇ, ಭರಣಿ ಒಡೀಲಿಲ್ಲಲ್ಲ, ಸಾಕು" ಎಂದಿದ್ದಳು.

ನಮ್ಮ ಮನೆಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಗಂಟಿನ ಭರಣಿ ಒಯ್ಯಲೇಬೇಕು. ಅಪ್ಪನ ತಂಗಿ ಸಣ್ಣತ್ತೆಗೆ ಸಿರುಗುಪ್ಪದ ಸಂಬಂಧ ಗೊತ್ತಾಗಿ, ಮದುವೆ ಬಾಗಿಲಿಗೆ ಬಂದು ನಿಂತಾಗ ಅವಳ ಭರಣಿ ಇನ್ನೂ ಅರ್ಧವಷ್ಟೇ ಕೊರೆದಾಗಿತ್ತು. ಆಗಲೇ ಅಜ್ಜಿ ಜ್ವರದಲ್ಲಿ ಮಲಗಬೇಕೇ! ಇದ್ದದ್ದು ಅದೊಂದೇ ಗಂಟು. ಅವ್ವ ಹಗ್ಗ ಹಿಡಿದಳು, ಪಾಪ, ಅವಳಿಗೆ ಸದ್ದಿನ ಗುಟ್ಟೆಲ್ಲಿ ತಿಳಿಯಬೇಕು? ಅಜ್ಜಿ ತನ್ನ ಹಾಸಿಗೆಯನ್ನೇ ಪಡಸಾಲೆಗೆ ಎಳೆಸಿಕೊಂಡು, ಕಣ್ಣು ಮುಚ್ಚಿ ಮಲಗಿ, ಕೇಳುತ್ತಿದ್ದಳು. ನಾವು ಯಾರೂ ಮಿಸುಕಲಿಲ್ಲ. ಬಹಳ ಹೊತ್ತಿನ ಮೇಲೆ, "ಸಾಕು, ಬಿಡವ್ವ" ಎಂದಳು. ಅವ್ವ ಹಗ್ಗ ಬಿಟ್ಟಳು. ಅಜ್ಜ ಭರಣಿಯನ್ನು ಬಿಡಿಸಿ, ಒರೆಸಿ, ಅಜ್ಜಿಯ ಕೈಗೆ ಕೊಟ್ಟ. ಎಂಥ ಹಗುರ ಅಂತೀರಿ! ಸಣ್ಣತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಬಂಡಿ ಹತ್ತಿದಳು. ಅದಾಗಿ ವಾರ ಕಳೆಯುವುದರೊಳಗೆ ಅಜ್ಜಿ ಹೋದಳು.

ಆಮೇಲೆ ಅಜ್ಜ ಮಂಚದ ಕಾಲು ಕಡೆದ, ಲಟ್ಟಣಿಗೆ ಕಡೆದ, ನಮಗೆ ಬುಗುರಿ ಮಾಡಿಕೊಟ್ಟ. ಟೊಳ್ಳಿನ ಕೆಲಸ ಮಾತ್ರ ಮುಟ್ಟಲಿಲ್ಲ. ಒಮ್ಮೆ ಬಳ್ಳಾರಿಯ ವ್ಯಾಪಾರಿಯೊಬ್ಬ ಹುಣಸೆಯ ಗಂಟು ತಂದು, ಭರಣಿ ಬೇಕೇ ಬೇಕೆಂದು ಕೂತ. ಅಂಥ ಚೆಲುವಾದ ಗಂಟನ್ನು ನಾನು ಮತ್ತೆ ಕಂಡಿಲ್ಲ. ಹಗ್ಗ ತಾನು ಜಗ್ಗುತ್ತೇನೆಂದು ಅವ್ವ ಕೈಸನ್ನೆ ಮಾಡಿ ಅಜ್ಜನಿಗೆ ಹೇಳಿದಳು. ಅಜ್ಜ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತ. ಕೊನೆಗೆ ವ್ಯಾಪಾರಿಯ ಕೈಗೆ ಅದನ್ನು ತಿರುಗಿ ಕೊಟ್ಟು, ಅವ್ವನ ಕಡೆ ನೋಡಿದ.

"ಜಗ್ಗಾಕ ಬೇಕಾದಷ್ಟು ಮಂದಿ ಅದಾರವ್ವ," ಎಂದ. "ಸಾಕು ಅನ್ನಾಕ ಯಾರದಾರ?"