ಕೊರಳಲ್ಲಿ ಲಿಫ್ಟಿನ ಕೀಲಿ

ಮುನವಳ್ಳಿ ಮೇಡಂ ಕರಿದಾರದಲ್ಲಿ ಕೊರಳಿಗೆ ಕಟ್ಟಿಕೊಂಡದ್ದು ತಾಯಿತವೆಂದೇ ನಾನು ಮೊದಲು ತಿಳಿದಿದ್ದೆ. ಅವರು ವಿಜ್ಞಾನಿಯಾಗಿದ್ದ ಪುಣೆಯ ಖಗೋಳ ಸಂಶೋಧನಾ ಸಂಸ್ಥೆಯ ಗ್ರಂಥಾಲಯಕ್ಕೆ ಆಗಷ್ಟೇ ಸೇರಿದ್ದೆ. ನಕ್ಷತ್ರ ಓದಿದವರೂ ತಾಯಿತ ಕಟ್ಟುತ್ತಾರಲ್ಲ ಎಂದು ಒಳಗೊಳಗೇ ನಗು. ಒಂದು ದಿನ ಅವರು ಕೆಳಗಿನ ಕಪಾಟಿಗೆ ಬಗ್ಗಿದಾಗ ಅದು ಹೊರಬಿದ್ದು ಕಬ್ಬಿಣಕ್ಕೆ ಟಣ್ಣೆಂದು ಬಡಿಯಿತು. ತುದಿಯಲ್ಲಿ ಮೂರು ಮೂಲೆಯ ತೂತಿದ್ದ ಕೀಲಿ.

"ಲಿಫ್ಟಿಂದು. ನಡುವ ನಿಂತ್ರ ಹೊರಗಿನ ಬಾಗಲಾ ತೆಗೀಲಿಕ್ಕೆ ಬೇಕಲ್ಲ" ಎಂದರು. "ನೀ ಏನು ಹನುಮಪ್ಪನ ತಾಯಿತ ಅಂದ್ಕೊಂಡಿದ್ದೇನವಾ?"

ಅವರು ಗೋಕಾಕದ ಕಡೆಯವರು, ನಾನು ವಿಜಯಪುರದವಳು. ಅಂದಿನಿಂದ ಅವರು ನನಗೆ ಮೇಡಂ ಅಲ್ಲ, ಅಕ್ಕಾರು.

ಅಕ್ಕಾರು ಆಯುಷ್ಯವೆಲ್ಲ ನೋಡಿದ್ದು ತಂಪಾದ ಕೆಂಪು ದೈತ್ಯ ತಾರೆಗಳನ್ನು. ವಯಸ್ಸಾಗಿ, ಉಬ್ಬಿ, ಕೆಂಪಾಗಿ, ಮೈಯ ಧೂಳನ್ನು ಸುತ್ತಲೂ ಚೆಲ್ಲುತ್ತ ಕೊನೆಗಾಲ ಕಳೆಯುವ ನಕ್ಷತ್ರಗಳು. ಅವರ ಬಾಯಲ್ಲಿ ಅವು "ನಮ್ಮ ಮುದುಕ್ಯಾರು". ತಂಪು ಅಂದರೆ ಎಷ್ಟು ಎಂದು ಕೇಳಿದ್ದೆ.

"ಮೂರು ಸಾವಿರ ಡಿಗ್ರಿ. ನಕ್ಷತ್ರದ ಮನಿತನದಾಗ ಅದು ಭಾಳ ತಂಪು."

ಇಂಥ ನಕ್ಷತ್ರಗಳಲ್ಲಿ ಕೆಲವು ಒಮ್ಮೆ ಉಬ್ಬಿ ಕುಗ್ಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ವಿದ್ಯಾರ್ಥಿನಿಯಾಗಿದ್ದಾಗ ಆರಿಸಿಕೊಂಡ ಒಂದನ್ನು ಅಕ್ಕಾರು ತಮ್ಮ ತಲೆ ನೆರೆಯುವ ತನಕ ಬಿಡಲಿಲ್ಲ. ಬೇಗ ಬೇಗ ಪ್ರಬಂಧ ಬರೆಯಿರಿ ಎಂದ ನಿರ್ದೇಶಕರಿಗೆ ಹಿಂದಿಯಲ್ಲಿ ಉತ್ತರ ಕೊಟ್ಟು ಬಂದು, ಅದನ್ನೇ ನನಗೆ ಕನ್ನಡದಲ್ಲಿ ಒಪ್ಪಿಸಿದ್ದರು: "ಆಕಿ ಒಂದು ಉಸಿರು ತೊಗೊಳೂದ್ರಾಗ ನಿಮ್ಮ ಬಜೆಟ್ ಮುಗೀತದ. ಆಕಿಗೆ ಅವಸರ ಇಲ್ಲ, ನನಗ್ಯಾಕ?"

ಮುದುಕಿಯರು ತಮ್ಮದೇ ಧೂಳಿನ ಮರೆಯಲ್ಲಿ ಇರುವುದರಿಂದ ಅವರ ಬೆಳಕಿಗಿಂತ ಶಾಖವನ್ನು ಹಿಡಿಯಬೇಕಿತ್ತು. ಹಿಡಿಯುವ ಉಪಕರಣವೇ ಬೆಚ್ಚಗಿದ್ದರೆ? "ನಮ್ಮ ಒಲಿ ಮುಂದ ಕುಂತು ಊರಾಚಿ ಒಲಿ ಬಿಸಿ ತಿಳೀತದೇನು? ಮೊದಲ ನಮ್ಮದನ್ನ ಆರಸಬೇಕು." ಉಪಕರಣವನ್ನು ತಣಿಸಲು ಬಳಸುತ್ತಿದ್ದದ್ದು ದ್ರವ ಸಾರಜನಕ. ನೋಡಲು ನೀರು, ಮುಟ್ಟಿದರೆ ಬೆಂಕಿಯಂತೆ ಸುಡುವ ಚಳಿ.

ಮಳೆಗಾಲದಲ್ಲಿ ಆಕಾಶ ಮುಚ್ಚಿದಾಗ ಉಪಕರಣ ಮೂರನೆಯ ಮಹಡಿಯ ಪ್ರಯೋಗಾಲಯಕ್ಕೆ ಬರುತ್ತಿತ್ತು. ದ್ರವ ತುಂಬಿದ ದೊಡ್ಡ ಪಾತ್ರೆಯನ್ನು ಗಾಲಿಯ ಮೇಲಿಟ್ಟು ಲಿಫ್ಟಿನಲ್ಲಿ ಒಂಟಿಯಾಗಿ ಕಳಿಸಬೇಕು, ಮನುಷ್ಯರು ಮೆಟ್ಟಿಲು ಹತ್ತಬೇಕು. ಇದು ಅಕ್ಕಾರ ನೇಮ. ಪ್ರತಿ ಮಹಡಿಯಲ್ಲೂ ಒಬ್ಬರು ನಿಂತು, ಬಾಗಿಲು ತೆರೆದರೆ ಯಾರೂ ಒಳಗೆ ಹೋಗದಂತೆ ತಡೆಯಬೇಕು. ದ್ರವ ಚೆಲ್ಲಿದರೆ ಆವಿಯಾಗಿ ಮುಚ್ಚಿದ ಜಾಗದ ಗಾಳಿಯನ್ನೆಲ್ಲ ಹೊರದಬ್ಬುತ್ತದೆ. "ವಾಸನಿ ಇಲ್ಲ. ಉಸಿರು ಕಟ್ಟಿದಂಗೂ ಅನಸಂಗಿಲ್ಲ. ನಿದ್ದಿ ಬಂದಂಗ ಆಗತದ, ಅಷ್ಟ."

ಮೊದಲ ಮಹಡಿಗೆ ಕಾವಲುಗಾರ ಪವಾರ ಕಾಕಾ, ಎರಡನೆಯದಕ್ಕೆ ನಾನು. ಕಾಕಾ ಮೊಣಕಾಲು ನೋವಿನ ಮನುಷ್ಯ, ಎಲ್ಲಿ ನಿಂತರೂ ಕಣ್ಣು ಕೂರುವ ಜಾಗ ಹುಡುಕುತ್ತಿತ್ತು. ಪಾತ್ರೆಗೆ ಹೆಸರಿಟ್ಟವರೂ ಅವರೇ. ಅದು ಹೊರಟಿತೆಂದರೆ ಮರಾಠಿಯಲ್ಲಿ ಕೂಗುತ್ತಿದ್ದರು: "ಸಾಸೂಬಾಯಿ ಆಲ್ಯಾ! ವಾಟ ಸೋಡಾ!" ಅತ್ತೆಯವರು ಬಂದರು, ದಾರಿ ಬಿಡಿ.

ಒಂದು ಮಧ್ಯಾಹ್ನ ಯಾರೋ ಗುಂಡಿ ಒತ್ತಿ ಹೋಗಿದ್ದರು. ಲಿಫ್ಟು ಮೊದಲ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಅತ್ತೆಯವರು ಗಾಲಿಯ ಮೇಲೆ ಬಾಗಿಲ ಕಡೆಗೆ ಜಾರುತ್ತಿದ್ದರಂತೆ. ಊರ ಜನರನ್ನೆಲ್ಲ ತಡೆಯುತ್ತಿದ್ದ ಕಾಕಾ, ಹಿಂದಕ್ಕೆ ತಳ್ಳೋಣವೆಂದು ತಾವೇ ಒಳಗೆ ಕಾಲಿಟ್ಟರು. ಬಾಗಿಲು ಮುಚ್ಚಿತು. ಇದು ಆಮೇಲೆ ಅವರು ಹೇಳಿದ್ದು. ಎರಡನೆಯ ಮಹಡಿಯಲ್ಲಿ ನನಗೆ ಕೇಳಿಸಿದ್ದು ಮೇಲೇರುವ ಲಿಫ್ಟಿನ ಗೊರಗೊರ. ಥಟ್ಟನೆ ಕರೆಂಟು ಹೋಯಿತು. ಒಂದು ಜಗ್ಗು, ಲೋಹ ಉರುಳಿದ ಸದ್ದು, ಅದರ ಹಿಂದೆಯೇ ಕಾಕಾನ ಕೆಮ್ಮು.

ವರ್ಷಕ್ಕೊಂದು ಉಸಿರಿನ ಮುದುಕಿಯರನ್ನು ಕಾಯುತ್ತ ಕೂತ ಅಕ್ಕಾರು ಮೂರನೆಯ ಮಹಡಿಯಿಂದ ಅಷ್ಟು ವೇಗವಾಗಿ ಮೆಟ್ಟಿಲಿಳಿದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕಾಲಲ್ಲಿ ಒಂದೇ ಚಪ್ಪಲಿ. ಬಾಗಿಲಿಗೆ ಬಾಯಿ ಹಚ್ಚಿ ಕೂಗಿದರು: "ಪವಾರ್! ಖಾಲೀ ಬಸೂ ನಕಾ! ಉಭೇ ರಹಾ!" ಕೆಳಗೆ ಕೂರಬೇಡಿ, ನಿಂತೇ ಇರಿ. ತಣ್ಣನೆಯ ಆವಿ ಮೊದಲು ತಳದಲ್ಲಿ ತುಂಬುತ್ತದೆ. ಒಳಗಿರುವುದು ಕೂರಲು ಜಾಗ ಹುಡುಕುವ ಕಾಕಾ.

"ಉಭೇ ಆಹಾತ್ ಕಾ?" ನಿಂತಿದ್ದೀರಾ?

"ಉಭಾ ಆಹೇ, ಮೇಡಂ." ನಿಂತಿದ್ದೇನೆ.

ಕೇಳುತ್ತಲೇ ಕೊರಳ ದಾರ ಹರಿದು ಕೀಲಿ ತಿರುವಿದರು. ಮತ್ತೆ ಕೇಳಿದರು. ಉತ್ತರ ಬಂತು, ನಿಧಾನವಾಗಿ. ಹೊರಬಾಗಿಲು ತೆರೆಯಿತು. ಲಿಫ್ಟಿನ ತಳ ನಮ್ಮ ನೆಲಕ್ಕಿಂತ ಎದೆಯುದ್ದ ಕೆಳಗಿತ್ತು. ಮೂರನೆಯ ಸಲ ಕೇಳಿದಾಗ "ಉಭಾ..." ಎಂದಷ್ಟೇ ಬಂತು. ಒಳಬಾಗಿಲನ್ನು ಇಬ್ಬರೂ ಉಗುರು ಊರಿ ಬಲವಂತವಾಗಿ ಸರಿಸಿದೆವು. ಬಾವಿಯಲ್ಲಿ ನೀರು ನಿಂತಂತೆ ಬಿಳಿ ಆವಿ. ಅದರಲ್ಲಿ ಸೊಂಟದವರೆಗೆ ಮುಳುಗಿ, ಗೋಡೆಗೆ ಒರಗಿ, ಮೆಲ್ಲಗೆ ಕೆಳಗೆ ಜಾರುತ್ತ ಪವಾರ ಕಾಕಾ, ಉಸಿರಿಗೆ ಗಾಳಿ ಸಾಲದೆ ಮತ್ತೇರಿದವರಂತೆ ನಗುತ್ತಿದ್ದರು. ತುಟಿ ನೀಲಿಯಾಗಿತ್ತು. ಆ ನಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಧನಕವಡಿಯ ನಮ್ಮ ಮನೆಯ ಲಿಫ್ಟಿನ ಬಾಗಿಲು ಮುಚ್ಚುವಾಗಲೆಲ್ಲ ಎದುರಿಗೆ ಬಂದು ನಿಲ್ಲುತ್ತದೆ.

"ತಲಿ ಒಳಗ ಹಾಕಬ್ಯಾಡವಾ! ಕೈ ಅಷ್ಟ ಹಾಕು! ಜಗ್ಗು!"

ನೆಲದ ಮೇಲೆ ಬೋರಲು ಮಲಗಿ ಇಬ್ಬರೂ ಒಂದೊಂದು ತೋಳು ಹಿಡಿದೆವು. ಅಷ್ಟರಲ್ಲಿ ಓಡಿ ಬಂದವರು ಅವರ ಅಂಗಿ, ಬೆಲ್ಟು, ಸಿಕ್ಕಿದ್ದನ್ನು ಹಿಡಿದೆಳೆದರು. ಹೊರಗೆ ಬಂದ ಕಾಕಾ ಕೆಮ್ಮಿದರು, ಕಣ್ಣು ಬಿಟ್ಟರು, ತಪ್ಪೊಪ್ಪಿಕೊಂಡವರ ಹಾಗೆ ಹೇಳಿದರು: "ಮೇಡಂ, ಸಾಸೂಬಾಯಿ ಪಡಲ್ಯಾ." ಅತ್ತೆಯವರು ಬಿದ್ದರು.

ಅಕ್ಕಾರು ಮೆಟ್ಟಿಲ ಮೇಲೆ ಕೂತು ಎರಡೂ ಕೈ ಮುಖಕ್ಕೆ ಮುಚ್ಚಿಕೊಂಡರು.

ಕಾಕಾನ ಪಾದದ ಮೇಲೆದ್ದ ಬೊಬ್ಬೆಗಳು ಮಾಯುವ ಮೊದಲೇ ಅತ್ತೆಯವರ ಸವಾರಿ ಮತ್ತೆ ಹೊರಟಿತು. ಈ ಸಲ ಪಾತ್ರೆಗೆ ಸರಪಳಿ ಬಿಗಿದಿತ್ತು, ಮಹಡಿಗಳ ಗುಂಡಿ ಒತ್ತಿದರೂ ಲಿಫ್ಟು ನಡುವೆ ನಿಲ್ಲದಂತೆ ಮಾಡಿಸಿದ್ದರು. ನಾನು ಲಿಫ್ಟಿನ ಬಾಗಿಲಿನಿಂದ ದೂರ ಸರಿದು ನಿಂತದ್ದನ್ನು ಅಕ್ಕಾರು ನೋಡಿದರು. "ಅಂಜಿಕಿ ಇರಲಿ ಬಿಡವಾ. ಅಂಜಿಕಿ ಇದ್ದವರು ನೇಮ ಮರೆಯಂಗಿಲ್ಲ. ಕೆಲಸ ನಿಂದ್ರಬಾರದು." ಅದು ಧೈರ್ಯದ ಮಾತೆಂದು ನನಗೆ ಆಗ ಅನಿಸಲಿಲ್ಲ. ಈಗ ಅದಕ್ಕಿಂತ ದೊಡ್ಡ ಧೈರ್ಯದ ಮಾತು ನನಗೆ ಗೊತ್ತಿಲ್ಲ.

ಕಳೆದ ವರ್ಷ ಅವರು ನಿವೃತ್ತರಾದರು. ಕೀಲಿಯನ್ನು ತಮ್ಮ ಶಿಷ್ಯೆಯ ಕೊರಳಿಗೆ ಹಾಕಿ, ತಮ್ಮ ಮುದುಕಿ ತಾರೆಯನ್ನೂ ಅವಳಿಗೇ ಒಪ್ಪಿಸಿ, ತಳೇಗಾಂವದ ತಂಗಿಯ ಮನೆಗೆ ಹೊರಟರು. ಹೋಗುವ ದಿನವೂ ಮೆಟ್ಟಿಲಿಳಿದೇ ಬಂದರು. ಹೊರಗೆ ರಿಕ್ಷಾ ಕಾದಿತ್ತು. ಪವಾರ ಕಾಕಾ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಮೊಣಕಾಲು ಈಗ ಇನ್ನೂ ಹದಗೆಟ್ಟಿತ್ತು.

ರಿಕ್ಷಾ ಹತ್ತುವ ಮುಂಚೆ ಅಕ್ಕಾರು ತಿರುಗಿ ನೋಡಿದರು.

"ಕಾಯ್ ಪವಾರ್, ಉಭೇ ಆಹಾತ್ ಕಾ?"

ಕಾಕಾ ಗೇಟಿನ ಸರಳು ಹಿಡಿದು ಎದ್ದರು. "ಉಭಾ ಆಹೇ, ಮೇಡಂ."

ರಿಕ್ಷಾ ತಿರುವು ದಾಟಿತು. ಸದ್ದೂ ಅಡಗಿತು. ಕೂತುಕೊಳ್ಳಿ ಕಾಕಾ, ಎಂದು ನಾನು ಸ್ಟೂಲನ್ನು ಹತ್ತಿರ ಸರಿಸಿದೆ. ಅವರು ಕೂರಲಿಲ್ಲ.