ಡಾ. ಗುನ್ವೋರ್ ಟಾಫ್ಟೆಗೋರ್ ಮತ್ತು ಅರವತ್ತಮೂರನೆಯ ಪುಟ

ಯೂಲಂಡ್ ಪ್ರಾಂತ್ಯದ ಕೊಳ, ಕಾಲುವೆ, ಜೌಗುಗಳಲ್ಲಿ ಬದುಕುವ ಬಸವನಹುಳುಗಳನ್ನು ಇಂದು ಯಾರಾದರೂ ಧೈರ್ಯವಾಗಿ ಹೆಸರಿಟ್ಟು ಕರೆಯುತ್ತಿದ್ದರೆ, ಆ ಧೈರ್ಯದ ಬಹುಪಾಲು ಡಾ. ಗುನ್ವೋರ್ ಟಾಫ್ಟೆಗೋರ್ ಅವರಿಂದ ಬಂದದ್ದು. ಅವರಿಗಿಂತ ಮೊದಲು ಈ ವಿದ್ಯೆ ಚಿಪ್ಪು ಆರಿಸುವವರ ಹವ್ಯಾಸವಾಗಿತ್ತು. ಚಿಪ್ಪು ನೀಳವಾಗಿದ್ದರೆ ಒಂದು ಹೆಸರು, ಕೊಂಚ ಸೊಟ್ಟಗಿದ್ದರೆ ಇನ್ನೊಂದು. ಹೀಗೆ ಒಂದೇ ಹುಳುವಿಗೆ ಅಂಟಿದ್ದ ಹನ್ನೊಂದು ಹೆಸರುಗಳಲ್ಲಿ ಹತ್ತನ್ನು ಅವರು ಕಿತ್ತುಹಾಕಿದರು. ಹೆಸರು ಕಳೆದುಕೊಂಡ ಕೆಲವು ಹವ್ಯಾಸಿಗಳು ಇಂದಿಗೂ ಅವರೊಡನೆ ಮಾತು ಬಿಟ್ಟಿದ್ದಾರೆ.

೧೯೭೯ರಲ್ಲಿ ನಮ್ಮ ವಸ್ತುಸಂಗ್ರಹಾಲಯಕ್ಕೆ ಸೇರಿದಾಗ ಅವರಿಗೆ ಇಪ್ಪತ್ತೈದು ವರ್ಷ. ಹುಳುವನ್ನು ಬಿಸಿನೀರಿಗೆ ಹಾಕಿ, ಬಾಗಿಸಿದ ಗುಂಡುಸೂಜಿಯಿಂದ ಮೈಯನ್ನು ತುಂಡಾಗದಂತೆ ಹೊರಗೆಳೆದು, ಜನನಾಂಗಗಳ ಉದ್ದವನ್ನು ಸೂಕ್ಷ್ಮದರ್ಶಕದ ಕೆಳಗೆ ಅಳೆಯುವುದು ಅವರ ಕ್ರಮ. ಹೊಸಬರಿಗೆಲ್ಲ ಅವರ ಮೊದಲ ಪಾಠ ಒಂದೇ: "ಕೋಟು ನೋಡಿ ಆಳು ಯಾರು ಅಂತ ಹೇಳ್ಬೇಡ. ಒಳಗೆ ನೋಡು." ೧೯೮೬ರಲ್ಲಿ ಅಚ್ಚಾದ ಅವರ ಗುರುತಿನ ಕೈಪಿಡಿಯನ್ನು ಪಶುವೈದ್ಯರೂ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದರು.

ನಾನು ಅವರ ಸಹಾಯಕನಾಗಿ ಸೇರಿದ್ದು ೧೯೯೪ರ ವಸಂತದಲ್ಲಿ, ಆರು ತಿಂಗಳ ಪರೀಕ್ಷಾವಧಿಯ ಮೇಲೆ. ಆ ವರ್ಷ ಲೌರಿಡ್ಸ್ ಬ್ರೋಕ್ ಎಂಬ ರೈತರ ಹತ್ತೊಂಬತ್ತು ಕುರಿಗಳು ಪಿತ್ತಜನಕಾಂಗದ ಹುಳು ಬಿದ್ದು ಸತ್ತಿದ್ದವು. ಆ ರೋಗದ ಹುಳು ಕುರಿಯೊಳಗೆ ಸೇರುವ ಮೊದಲು ಒಂದು ಜಾತಿಯ ಚಿಕ್ಕ ಕೆಸರು ಬಸವನಹುಳುವಿನ ಮೈಯಲ್ಲಿ ಬೆಳೆಯುತ್ತದೆ. ಬ್ರೋಕ್ ಅವರ ಕೊಳದಿಂದ ಹೆಕ್ಕಿದ ಹುಳುಗಳು ನನ್ನ ಮೇಜಿಗೆ ಬಂದವು. ಚಿಪ್ಪುಗಳನ್ನು ಅಳೆದು, ಇದೇ ಆ ಕೆಸರು ಬಸವನಹುಳು ಎಂದು ನಾನು ವರದಿ ಬರೆದೆ. ಕೊಳವನ್ನು ಮಣ್ಣು ತುಂಬಿ ಮುಚ್ಚುವಂತೆ ಸ್ಥಳೀಯ ಸಮಿತಿ ಆದೇಶಿಸಿತು.

ಮರುದಿನವೇ ಬ್ರೋಕ್ ಒಂದು ಬಕೆಟ್ ಹುಳುಗಳೊಂದಿಗೆ ಬಂದು ಡಾ. ಗುನ್ವೋರ್ ಅವರ ಬಾಗಿಲಲ್ಲಿ ನಿಂತರು.

"ನೋಡಮ್ಮಾ, ಬೇಸಿಗೇಲಿ ನನ್ನ ಕುರಿಗೆ ಇರೋದು ಅದೊಂದೇ ನೀರು. ಅದನ್ನ ಮುಚ್ಚಿದ್ರೆ ಮಂದೆ ಪೂರ್ತಿ ಮಾರ್ಬೇಕು. ನಿಮ್ಮ ಈ ಹೊಸಬ ಸರಿಯಾಗಿ ನೋಡಿದಾನೋ, ಇಲ್ಲಾ ಊಟಕ್ಕೆ ಹೊತ್ತಾಯ್ತು ಅಂತ ಗೀಚಿ ಕೊಟ್ನೋ?"

"ಎಷ್ಟು ಕೊಯ್ದು ನೋಡಿದೆ, ಆಸ್ಗರ್?" ಎಂದು ಅವರು ನನ್ನನ್ನು ಕೇಳಿದರು.

"ಒಂದೂ ಇಲ್ಲ. ತೀರಾ ಚಿಕ್ಕವು. ಅಳತೆ ಕೈಪಿಡಿಗೆ ಹೊಂದಿತು."

ಅವರು ಗದರಲಿಲ್ಲ. ಅಲ್ಲೇ ಕೂತು ಮೂರು ಹುಳುಗಳನ್ನು ಕೊಯ್ದರು. ಜನನಾಂಗಗಳಿನ್ನೂ ಮೂಡಿರಲಿಲ್ಲ. "ಇವು ಮರಿಗಳು. ಒಳಗೂ ಏನೂ ಹೇಳ್ತಿಲ್ಲ. ಬೆಳೀಲಿ, ಆಮೇಲೆ ಕೇಳೋಣ," ಎಂದರು. ಒಂಬತ್ತು ವಾರ ಕಾಯಬೇಕೆಂದು ಸಮಿತಿಗೆ ಪತ್ರ ಬರೆದು, ಕಿಟಕಿಯುದ್ದಕ್ಕೂ ನಲವತ್ತು ಗಾಜಿನ ಜಾಡಿಗಳನ್ನಿಟ್ಟು, ಒಂದೊಂದರಲ್ಲಿ ಒಂದೊಂದು ಹುಳು ಬಿಟ್ಟು, ಮಧ್ಯಾಹ್ನದ ತಮ್ಮ ಊಟದ ಲೆಟಿಸ್ ಎಲೆಗಳನ್ನು ಹರಿದು ಹಾಕತೊಡಗಿದರು. "ಗುನ್ವೋರ್, ಬಂದವರಿಗೆ ಬಡಿಸಿ ನೀನು ಬರೀ ಬ್ರೆಡ್ ತಿಂತಿದೀಯಲ್ಲೇ," ಎಂದು ಸಹೋದ್ಯೋಗಿಗಳು ಕಾಲೆಳೆದರು.

ಕೆಸರು ಬಸವನಹುಳುವಿನ ಬೆಳವಣಿಗೆ ಹೆಚ್ಚುಕಡಿಮೆ ಹತ್ತು ಮಿಲಿಮೀಟರಿಗೆ ನಿಂತುಬಿಡುತ್ತದೆ. ಜಾಡಿಗಳಲ್ಲಿ ಬದುಕುಳಿದ ಮೂವತ್ತೆಂಟೂ ಹದಿನೈದು ದಾಟಿದವು. ಕೊಯ್ದು ನೋಡಿದಾಗ ಅನುಮಾನವೇ ಉಳಿಯಲಿಲ್ಲ. ಅವೆಲ್ಲ ಆ ರೋಗಕ್ಕೆ ಸಂಬಂಧಪಡದ ಜೌಗು ಬಸವನಹುಳುಗಳು. ರೋಗ ಹೊರುವ ಕೆಸರು ಬಸವನಹುಳು ಸಿಕ್ಕಿದ್ದು ಹುಲ್ಲುಗಾವಲಿನ ಗೇಟಿನ ಬಳಿ, ಕುರಿಗಳ ಗೊರಸು ಊರಿದ ಕೆಸರು ಗುಳಿಗಳಲ್ಲಿ. ಅಲ್ಲಿಗೆ ಬೇಲಿ ಬಿತ್ತು. ಕೊಳ ಉಳಿಯಿತು, ಮಂದೆಯೂ ಉಳಿಯಿತು.

ತಪ್ಪು ವರದಿಗಾಗಿ ನನ್ನ ವಿಚಾರಣೆ ಮಾತ್ರ ಉಳಿದಿತ್ತು. ಸಮಿತಿಯ ಎದುರು ಅವರು ಎದ್ದು ನಿಂತು ಹೇಳಿದ್ದು ಇಷ್ಟೇ: "ತಪ್ಪು ಆಸ್ಗರ್‌ನದಲ್ಲ. ನನ್ನ ಕೈಪಿಡಿಯ ಅರವತ್ತಮೂರನೇ ಪುಟ ಸ್ಪಷ್ಟವಾಗಿಲ್ಲ." ಬರೆದವರೇ ಹಾಗೆಂದ ಮೇಲೆ ಯಾರೂ ಪುಸ್ತಕ ತೆರೆದು ನೋಡಲಿಲ್ಲ. ನನ್ನ ಕೆಲಸ ಖಾಯಂ ಆಯಿತು. ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರು ಆ ಪುಟಕ್ಕಾಗಿ ಓದುಗರ ಕ್ಷಮೆ ಕೇಳಿದರು, ಮಾತು ಬಿಟ್ಟಿದ್ದ ಹವ್ಯಾಸಿಗಳು ಅದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಆಡಿಕೊಂಡರು.

ನಿವೃತ್ತಿಗೆಂದು ತರುವ ಇಂಥ ಅಭಿನಂದನಾ ಸಂಪುಟಗಳಲ್ಲಿ ಹೊಗಳುವುದು ವಾಡಿಕೆ, ಒಪ್ಪಿಕೊಳ್ಳುವುದು ವಾಡಿಕೆಯಲ್ಲ. ಆದರೂ ಬರೆಯುತ್ತೇನೆ. ಮೊದಲ ಆವೃತ್ತಿಯ ಅರವತ್ತಮೂರನೆಯ ಪುಟದ ಕೆಳಗೆ ಹೀಗಿದೆ: "ಹತ್ತು ಮಿಲಿಮೀಟರಿಗಿಂತ ಚಿಕ್ಕ ಚಿಪ್ಪು ನೋಡಿ ಹೆಸರಿಡಬೇಡಿ; ಕೊಯ್ದು ನೋಡಿ, ಇಲ್ಲವೇ ಬೆಳೆಸಿ ನೋಡಿ." ಪುಟ ಸ್ಪಷ್ಟವಾಗಿಯೇ ಇತ್ತು. ನಾನು ಅಳತೆಯ ಪಟ್ಟಿ ನೋಡಿ ಪುಸ್ತಕ ಮುಚ್ಚಿದ್ದೆ. ವಿಚಾರಣೆ ಮುಗಿದ ಸಂಜೆಯೇ ಇದು ನನಗೆ ತಿಳಿಯಿತು. ಮೂವತ್ತು ವರ್ಷ ಬಾಯಿ ಬಿಡಲಿಲ್ಲ. ಅದಕ್ಕಾಗಿ ನನಗೆ ನಾಚಿಕೆಯಿದೆ.

ಅಚ್ಚಿಗೆ ಕಳಿಸುವ ಮೊದಲು ಈ ಲೇಖನವನ್ನು ಅವರಿಗೆ ತೋರಿಸಿದೆ. ಪೆನ್ಸಿಲು ಹಿಡಿದು ಓದಿ ಎರಡು ಅಲ್ಪವಿರಾಮ ಹಾಕಿದರು. "ಪುಟ ಬರೆದವಳು ನಾನು. ಅದ್ರಲ್ಲೇನಿದೆ ಅಂತ ನನಗೆ ಗೊತ್ತಿರಲ್ವೇನೋ?" ಎಂದು ಹಾಳೆ ಹಿಂದಿರುಗಿಸಿದರು.

ಎಪ್ಪತ್ತು ತುಂಬಿ ನಿವೃತ್ತರಾಗುತ್ತಿರುವ ಅವರಿಗೆ ನೂರು ತುಂಬಲಿ, ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಕೈಪಿಡಿಯ ಮೂರನೆಯ ಆವೃತ್ತಿ ಅವರ ಮೇಜಿನ ಮೇಲೆ ಅರ್ಧ ಸಿದ್ಧವಾಗಿದೆ. ಅದರ ಮುನ್ನುಡಿಯಲ್ಲಿ ಆ ಕ್ಷಮೆಯನ್ನು ಹೊಡೆದುಹಾಕಿ, ಅಲ್ಲಿ ಪುಟ ಓದದೆ ತಪ್ಪಿದವನೆಂದು ನನ್ನ ಹೆಸರನ್ನು ಅವರ ಕೈಯಿಂದಲೇ ಬರೆಯಲಿ ಎಂಬುದು ಅವರ ಸಹಾಯಕನ ಕೊನೆಯ ಕೋರಿಕೆ.